ಬಾರದ ಘಾಟು

ಇದನ್ನು ಹೇಳಲು ಹೊರಡುವ ಮೊದಲು ಕ್ಷಮೆ ಕೇಳಬೇಕು. ಇನ್ನೊಬ್ಬರ ಅಡುಗೆಮನೆಯಲ್ಲಿ ನಡೆದದ್ದನ್ನು, ಅದರಲ್ಲೂ ಇನ್ನೊಬ್ಬರ ತಾಯಿಯ ವಿಷಯವನ್ನು ಬರೆಯುವ ಹಕ್ಕು ನನಗಿದೆ ಎಂದು ಈಗಲೂ ಅನ್ನಿಸುತ್ತಿಲ್ಲ. ಪ್ರಭುದೇವ ನನಗೆ ಹೇಳಿದ್ದು ಸ್ವಲ್ಪ, ಹೇಳುತ್ತ ಹೇಳುತ್ತ ನಿಲ್ಲಿಸಿದ್ದು ಹೆಚ್ಚು. ಅವನು ನಿಲ್ಲಿಸಿದ ಕಡೆಗಳನ್ನು ನಾನು ತುಂಬಿದ್ದೇನೆ. ತಪ್ಪಾಗಿ ತುಂಬಿದ್ದರೆ ಆ ತಪ್ಪು ನನ್ನದು, ಅವನದಲ್ಲ, ಅವನ ತಾಯಿಯದಂತೂ ಅಲ್ಲವೇ ಅಲ್ಲ.

ಗುರುವಾರ ಬೆಳಿಗ್ಗೆ ಕಂಪನಿಯ ಬಸ್ಸು ಕಾರ್ಖಾನೆಗಳೇ ತುಂಬಿದ ಜುರಾಂಗ್ ಐಲ್ಯಾಂಡಿನ ಚೆಕ್‌ಪಾಯಿಂಟ್ ದಾಟುವಾಗ ಪ್ರಭುದೇವ ತಾಯಿಯ ಸೂಟ್‌ಕೇಸಿನ ತೂಕವನ್ನು ಯೋಚಿಸುತ್ತಿದ್ದ. ಮೂವತ್ತು ಕೆ.ಜಿ. ಒಯ್ಯಬಹುದು. ಮುರಿಗೆವ್ವನದು ಹದಿನಾಲ್ಕಕ್ಕೇ ನಿಂತಿತ್ತು. ಎರಡು ವರ್ಷ ಈ ಊರಿನಲ್ಲಿದ್ದು ಹದಿನಾಲ್ಕು ಕೆ.ಜಿ. ಸೋಮವಾರವೇ ಕಟ್ಟಿ ಮುಗಿಸಿ ಬಾಗಿಲ ಪಕ್ಕ ಚಪ್ಪಲಿ ಗೂಡಿಗೆ ಒರಗಿಸಿ ಇಟ್ಟಿದ್ದಳು. ಅಂದಿನಿಂದ ಅವನು ದಿನಕ್ಕೆರಡು ಸಲ ಅದನ್ನು ದಾಟಿ ಹೊರಗೆ ಹೋಗಿ ಒಳಗೆ ಬರುತ್ತಿದ್ದ. ಶನಿವಾರದ ವಿಮಾನ. ಬೆಂಗಳೂರಿಗೆ ಅಕ್ಕ ಬಂದು ಧಾರವಾಡಕ್ಕೆ ಕರೆದೊಯ್ಯುತ್ತಾಳೆ. ಮನೆಯಲ್ಲಿ ಎಲ್ಲರೂ, ಮುರಿಗೆವ್ವನೂ ಸೇರಿ, ‘ಸ್ವಲ್ಪ ದಿನ ಅಕ್ಕನ ಮನೆಗೆ’ ಎಂದು ಹೇಳುತ್ತಿದ್ದರು. ಆದರೆ ವಾಪಸು ಟಿಕೆಟ್ ತೆಗೆದಿರಲಿಲ್ಲ. ತಾನು ತಾಯಿಯನ್ನು ಕಳಿಸಿಬಿಡುತ್ತಿದ್ದೇನೆ ಎಂಬ ಸರಳ ವಾಕ್ಯವನ್ನು ಅವನು ಮನಸ್ಸಿನಲ್ಲೂ ಪೂರ್ತಿಯಾಗಿ ಆಡಿಕೊಂಡಿರಲಿಲ್ಲ. ಗಟ್ಟಿ ಕಾರಣವಿತ್ತು, ಅಷ್ಟು ಸಾಕಿತ್ತು.

ಕಾರಣ ಹನ್ನೆರಡು ದಿನಗಳ ಹಿಂದಿನದು. ಅಂದು ಸಂಜೆ ಅವನ ಹೆಂಡತಿ ಸುಪ್ರಿಯಾ ಮಗಳು ಹಿತಾಳನ್ನು ಟ್ಯೂಷನ್ನಿನಿಂದ ಕರೆದುಕೊಂಡು ಬಂದು ಬೆಡೋಕಿನ ಒಂಬತ್ತನೆಯ ಮಹಡಿಯ ಮನೆಯ ಬಾಗಿಲು ತೆಗೆದಳು. ಗ್ಯಾಸಿನ ವಾಸನೆ ಮುಖಕ್ಕೇ ಬಡಿಯಿತು. ಹಾಲು ಉಕ್ಕಿ ಒಲೆ ಆರಿತ್ತು, ನಾಬು ತೆರೆದೇ ಇತ್ತು. ಒಲೆಯಿಂದ ಎರಡು ಮಾರು ದೂರದಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಅತ್ತೆ ಒಲೆಗೆ ಬೆನ್ನು ಹಾಕಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ದೇವರ ಗೂಡಿನ ಮುಂದೆ ಬತ್ತಿ ಹೊಸೆದು ಎಣ್ಣೆ ಹಾಕಿದ ದೀಪ, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. ಸುಪ್ರಿಯಾ ನಾಬು ತಿರುಗಿಸಿ, ಕಿಟಕಿಗಳನ್ನೆಲ್ಲ ತೆಗೆದು, ಇಬ್ಬರನ್ನೂ ಕಾರಿಡಾರಿಗೆ ಕರೆತಂದು, ಆಮೇಲೆ ಗಂಡನಿಗೆ ಫೋನು ಮಾಡಿದಳು. ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಅದು ಅವಳ ದೊಡ್ಡತನ. ಕೆಟ್ಟ ಮಿಕ್ಸಿ ಹಿಡಿದುಕೊಂಡು ಉಬಿಯ ರಿಪೇರಿ ಅಂಗಡಿಗೆ ಹೋಗಿದ್ದ ಪ್ರಭುದೇವ ಟ್ಯಾಕ್ಸಿಯಲ್ಲಿ ಓಡಿಬಂದು, ಕಾರಿಡಾರಿನಲ್ಲಿ ಪಕ್ಕದ ಮನೆಯ ಚೀನೀ ಆಂಟಿ ನೋಡುತ್ತಿರುವಂತೆಯೇ, ‘ಮೂಗಿಲ್ಲೇನ ನಿನಗ?’ ಎಂದು ಕೂಗಿದ. ಕೂಗಿದ ಮೇಲೆ ಅವನಿಗೇ ಆಶ್ಚರ್ಯವಾಗಿತ್ತು, ಮಾತಿಗಲ್ಲ, ಮಾತು ಹೊರಬಿದ್ದ ರೀತಿಗೆ. ಮನೆಯಲ್ಲೂ ಅವನು ಬೆಂಗಳೂರಿನವರ ಹಾಗೆ ಮಾತನಾಡುವುದನ್ನು ರೂಢಿ ಮಾಡಿಕೊಂಡು ಹತ್ತು ವರ್ಷಗಳೇ ಆಗಿದ್ದವು. ಮುರಿಗೆವ್ವ ಕೈಯಲ್ಲಿ ಇನ್ನೂ ಉಳಿದಿದ್ದ ಮೆಂತೆ ಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ, ‘ಲಕ್ಷ್ಯ ಇರಲಿಲ್ಲಪಾ,’ ಎಂದಳು. ‘ಸೊಪ್ಪಿನಾಗ ಇತ್ತು ಲಕ್ಷ್ಯ.’

ಅವನಿಗೆ ಅಷ್ಟೇ ಬೇಕಾಗಿತ್ತು. ಲಕ್ಷ್ಯ ಇರಲಿಲ್ಲ. ಘಟನೆ, ಕಾರಣ, ಕ್ರಮ: ಮೂರು ಕಾಲಮ್ಮಿನ ಫಾರಂ ಅವನ ತಲೆಯೊಳಗೆ ತಾನಾಗಿ ತುಂಬಿಕೊಂಡಿತು. ಅರ್ಧ ಗಂಟೆಯಲ್ಲಿ ಟಿಕೆಟ್ ಬುಕ್ ಮಾಡಿದ. ಪ್ಲಾಂಟಿನಲ್ಲಿ ಸೇಫ್ಟಿ ತರಬೇತಿ ಕೊಡುವುದು ಅವನ ಕೆಲಸ. ಯಾರಾದರೂ ಅಪಘಾತದ ವರದಿಯಲ್ಲಿ ‘ಕೆಲಸಗಾರನ ಗಮನ ಇರಲಿಲ್ಲ’ ಎಂದು ಬರೆದು ತಂದರೆ ಅದನ್ನು ಮುಖ ನೋಡದೆ ಹಿಂದಿರುಗಿಸುತ್ತಿದ್ದ. ಗಮನ ಇರಲಿಲ್ಲ ಎನ್ನುವುದು ಕಾರಣವಲ್ಲ, ಯಾಕೆ ಇರಲಿಲ್ಲ ಎಂದು ಕೇಳಿ, ಅದಕ್ಕೂ ಯಾಕೆ ಎಂದು ಕೇಳಿ, ಐದು ಸಲ ಕೇಳಿ, ಎಂದು ವರ್ಷಗಟ್ಟಲೆ ಹೇಳಿದವನು ತಾಯಿಯ ವಿಷಯಕ್ಕೆ ಒಂದು ಸಲವೂ ಕೇಳಲಿಲ್ಲ ಎಂಬುದು ಈ ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಲೂ ಅವನಿಗೆ ಹೊಳೆದಿರಲಿಲ್ಲ. ಹೊಳೆಯುತ್ತಿದ್ದುದು ಬೇರೆ, ಆ ಭಾಷಣ. ಸೂಟ್‌ಕೇಸು ನೆನಪಾದಾಗಲೆಲ್ಲ ಅದೂ ಜೊತೆಗೆ ಬರುತ್ತಿತ್ತು, ಯಾಕೆಂದು ತಿಳಿಯದೆ ಅವನು ಅದನ್ನು ತಳ್ಳುತ್ತಿದ್ದ.

ಯುಗಾದಿಗೆ ಒಂದು ತಿಂಗಳ ಮೊದಲು ಕನ್ನಡ ಬಳಗದ ಕಾರ್ಯದರ್ಶಿ ಶಿವರಾಮ್ ಫೋನ್ ಮಾಡಿದ್ದ. ‘ಪ್ರಭು, ನೀವು ಸೇಫ್ಟಿಯವರು, ಲಾಜಿಕಲ್ ಆಗಿ ಮಾತಾಡ್ತೀರ. ಒಂದು ಹದಿನೈದು ನಿಮಿಷ ಸೂಪರ್‌ಸ್ಟಿಷನ್ಸ್ ಬಗ್ಗೆ ಏನಾದ್ರೂ ಮಾಡಿ. ಎಲ್ಲಿಂದ ಬಂತು, ಮೀನಿಂಗ್ ಏನು, ಆ ಥರ. ಸ್ವಲ್ಪ ಲೈಟ್ ಆಗಿರ್ಲಿ, ಆಯ್ತಾ? ಲಾಸ್ಟ್ ಇಯರ್ ಪ್ರವಚನ ಇಟ್ಟು ಅರ್ಧ ಜನ ಊಟದ ಕ್ಯೂಗೆ ಹೋಗ್ಬಿಟ್ರು.’ ಪ್ರಭುದೇವನ ಕಿವಿ ಬಿಸಿಯಾಗಿತ್ತು. ಬಳಗದಲ್ಲಿ ಎಲ್ಲರೂ ಬೆಂಗಳೂರು ಮೈಸೂರಿನ ಐಟಿಯವರು. ಅವನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ನಾಗಿ ಬಂದವನು, ಶಿಫ್ಟು ಮುಗಿಸಿ ಮೂರು ವರ್ಷ ಸಂಜೆ ತರಗತಿಯ ಕೊನೆಯ ಬೆಂಚಿನಲ್ಲಿ ನಿದ್ದೆ ತಡೆದುಕೊಂಡು ಕೂತು ಈ ಡಿಪ್ಲೊಮಾ ಪಡೆದವನು. ಅಲ್ಲಿ ಅವನನ್ನು ಕುರ್ಚಿ ಜೋಡಿಸಲು ಕರೆಯುತ್ತಿದ್ದರು, ಮೈಕಿನ ಮುಂದೆ ಕರೆದದ್ದು ಅದೇ ಮೊದಲು.

ಮೂರು ವಾರ ಓದಿದ. ಬೆಕ್ಕು ಅಡ್ಡ ಬರುವುದು, ಒಂಟಿ ಸೀನು, ಸಂಜೆ ಉಗುರು ತೆಗೆಯುವುದು, ಹಲ್ಲಿ ಲೊಚಗುಟ್ಟುವುದು. ಒಂದೊಂದಕ್ಕೂ ಹುಟ್ಟು ಹುಡುಕಿದರೆ ಮೂರು ಮೂರು ಹುಟ್ಟು ಸಿಗುತ್ತಿತ್ತು, ಒಂದಕ್ಕೊಂದು ಸಂಬಂಧವಿಲ್ಲದವು, ಯಾವುದಕ್ಕೂ ಆಧಾರವಿಲ್ಲದವು. ಬೆಕ್ಕಿನ ಹಿಂದೆ ಹುಲಿ ಬರುತ್ತದೆ ಎಂದು ಒಬ್ಬರು, ಗಾಡಿಯ ಎತ್ತು ಬೆದರುತ್ತದೆ ಎಂದು ಇನ್ನೊಬ್ಬರು. ಪ್ರಾಮಾಣಿಕವಾಗಿ ಹೇಳುವುದಾದರೆ, ಇವು ಎಲ್ಲಿಂದ ಬಂದವೋ ಯಾರಿಗೂ ಗೊತ್ತಿಲ್ಲ ಎಂದು ಒಂದೇ ಸ್ಲೈಡ್ ಹಾಕಿ ಕೂರಬೇಕಿತ್ತು. ಅದಕ್ಕೆ ಧೈರ್ಯ ಸಾಲಲಿಲ್ಲ. ಒಂದು ಸಂಜೆ ತಾಯಿಯನ್ನೇ ಕೇಳಿದ, ‘ಅವ್ವ, ಸಂಜೆ ಹೊತ್ತು ಕಸ ಯಾಕೆ ಗುಡಿಸಬಾರದು?’

‘ಹೊಡಿಬಾರದು, ಅಷ್ಟ.’

‘ಅದೇ ಯಾಕೆ ಅಂತ.’

ಮುರಿಗೆವ್ವ ಯೋಚಿಸಿದಳು. ಮಗ ತನ್ನಿಂದ ಏನನ್ನೋ ಕೇಳಿ ಪೆನ್ನು ಹಿಡಿದು ಕೂತದ್ದು ಅವಳಿಗೆ ಖುಷಿಯಾಗಿತ್ತು. ‘ಕಾರಣ ಕೇಳಿದ್ರ ನಮ್ಮವ್ವ ಅಳತಿದ್ಲು. ಅಕಿ ನತ್ತು ಕಳದಿತ್ತು, ಕಸದಾಗ ಹೋತು.’

‘ಹಾಂ, ನೋಡು. ಅದೇ ಕಾರಣ. ಕತ್ತಲಲ್ಲಿ ಚಿನ್ನ ಕಾಣಲ್ಲ.’

‘ಅಲ್ಲೋ. ಅಕಿ ನತ್ತು ಕಳದಿದ್ದು ಮಟಮಟ ಮಧ್ಯಾಹ್ನ.’

ಸುಪ್ರಿಯಾ ಅಡುಗೆಮನೆಯಿಂದಲೇ ನಕ್ಕಿದ್ದಳು. ಪ್ರಭುದೇವ ನತ್ತನ್ನು ಬರೆದುಕೊಂಡು ಮಧ್ಯಾಹ್ನವನ್ನು ಬಿಟ್ಟ. ವೇದಿಕೆಯ ಮೇಲೂ ಹಾಗೆಯೇ ಹೇಳಿದ, ನಮ್ಮ ಅಜ್ಜಿಯ ನತ್ತು ಸಂಜೆ ಕಸದಲ್ಲಿ ಹೋಯಿತು, ಅಲ್ಲಿಂದ ಬಂತು ಈ ಪದ್ಧತಿ. ಎರಡನೆಯ ಸಾಲಿನಲ್ಲಿ ಕೂತಿದ್ದ ಮುರಿಗೆವ್ವ ಅದನ್ನು ಕೇಳಿ ಪಕ್ಕದವರ ಕಡೆ ತಿರುಗಿ ಏನೋ ಹೇಳಹೊರಟು ಸುಮ್ಮನಾದದ್ದು ಅವನಿಗೆ ಕಂಡಿತ್ತು.

ಆದರೆ ತಳ್ಳಿದಷ್ಟೂ ಬರುತ್ತಿದ್ದುದು ಅದಲ್ಲ, ಭಾಷಣದ ಕೊನೆ. ಕೊನೆಗೆ ಒಂದು ನಗು ಬೇಕಿತ್ತು. ಫೆಬ್ರವರಿಯಲ್ಲಿ ಹಿತಾಳಿಗೆ ಜ್ವರ ಬಂದಿತ್ತು, ಶಾಲೆಯ ಡ್ಯಾನ್ಸಿನಲ್ಲಿ ಕಪ್ಪು ಗೆದ್ದ ಮರುದಿನ. ಅಜ್ಜಿಗೆ ಸಂಶಯವೇ ಇರಲಿಲ್ಲ: ನೆದರು. ದೃಷ್ಟಿ ತಾಗುವುದಕ್ಕೆ ಅವಳ ಕಡೆಯ ಮಾತು ಅದು. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಐದು ಒಣಮೆಣಸಿನಕಾಯಿ ಹಿಡಿದು ಮೊಮ್ಮಗಳ ಮುಖಕ್ಕೆ ಮೂರು ಸುತ್ತು ಇಳಿಸಿ, ಹಂಚಿನ ಮೇಲೆ ಸುರಿದಳು. ಮೆಣಸಿನಕಾಯಿ ಸುಟ್ಟು ಘಾಟು ಬಂದರೆ ಏನೂ ಇಲ್ಲ, ಜ್ವರ ಬರೀ ಜ್ವರ. ಘಾಟು ಬಾರದಿದ್ದರೆ ದೃಷ್ಟಿ ಆಗಿತ್ತು ಎಂದು ಅರ್ಥ, ಆ ದೃಷ್ಟಿಯೇ ಘಾಟನ್ನು ನುಂಗಿತು ಎಂದು. ಅಂದು ಬಂದ ಘಾಟು ಎಂಥದ್ದೆಂದರೆ ಸುಪ್ರಿಯಾ ಮಗಳ ಕೈ ಹಿಡಿದುಕೊಂಡು ಬಾಲ್ಕನಿಗೆ ಓಡಿದಳು, ಪಕ್ಕದ ಮನೆಯ ಆಂಟಿ ಮೂಗಿಗೆ ಟಿಶ್ಯೂ ಹಿಡಿದು ಬಂದು ಬಾಗಿಲು ಬಡಿದಳು. ಮುರಿಗೆವ್ವನೂ ಬಗ್ಗಿ ಬಗ್ಗಿ ಕೆಮ್ಮುತ್ತಿದ್ದಳು. ಕೆಮ್ಮು ನಿಂತ ಮೇಲೆ, ಸೆರಗಿನಿಂದ ಕಣ್ಣೊರೆಸಿಕೊಂಡು, ಹಂಚಿನ ಮೇಲಿನ ಕಪ್ಪು ಬೂದಿಯನ್ನೇ ನೋಡುತ್ತ ಹೇಳಿದ್ದಳು: ‘ಪ್ರಭು, ಕೆಮ್ಮು ಬಂತು, ಖರೆ ಘಾಟಿನ ವಾಸನಿ ಬರವಲ್ದು ನೋಡು. ನಂಗೇನೂ ಬರವಲ್ದು.’ ಅವಳ ದನಿಯಲ್ಲಿ ಹೆದರಿಕೆಯಿತ್ತು. ಮಗುವಿಗೆ ಅಷ್ಟು ದೊಡ್ಡ ದೃಷ್ಟಿ ಆಗಿದೆ ಎಂಬ ಹೆದರಿಕೆ ಎಂದು ಅವನು ತಿಳಿದ. ‘ಅವ್ವ, ಇಡೀ ಬ್ಲಾಕಿಗೆ ಬಂದಿದೆ, ನಿನಗೊಬ್ಬಳಿಗೆ ಬರ್ಲಿಲ್ವಾ?’ ಎಂದು ನಕ್ಕು ಎಕ್ಸಾಸ್ಟ್ ಫ್ಯಾನ್ ಹಾಕಿದ್ದ.

ವೇದಿಕೆಯ ಮೇಲೆ ಇದನ್ನೇ ಮಾಡಿ ತೋರಿಸಿದ. ಬರೀ ಹೇಳಿದರೆ ಸಾಲದೆಂದು ಸೆರಗು ಹಿಡಿದಂತೆ ಕೈ ಮಾಡಿ, ಬಗ್ಗಿ, ಕೆಮ್ಮಿ, ಕಣ್ಣೊರೆಸಿ, ತಾಯಿಯ ದನಿಯಲ್ಲಿ, ತಾಯಿಯ ಮಾತಿನಲ್ಲಿ, ‘ಕಣ್ಣಾಗ ನೀರು, ಮೂಗಿನಾಗ ನೀರು, ಆದ್ರೂ ಘಾಟಽ ಬರವಲ್ದೋ ಪ್ರಭು!’ ಸಭೆ ಬಿದ್ದು ಬಿದ್ದು ನಕ್ಕಿತು. ನೋಡಿ, ನಂಬಿಕೆ ಎಷ್ಟು ಗಟ್ಟಿಯೆಂದರೆ ಮನುಷ್ಯ ತನ್ನ ಮೂಗನ್ನೇ ನಂಬುವುದಿಲ್ಲ, ಎಂದು ಮುಗಿಸಿದ. ಚಪ್ಪಾಳೆಯ ನಡುವೆ ಅವನಿಗೆ ಒಂದು ವಿಷಯ ಸ್ಪಷ್ಟವಾಗಿ ಗೊತ್ತಾಗಿತ್ತು: ಜನ ನಕ್ಕದ್ದು ವಿಚಾರಕ್ಕಲ್ಲ, ಆ ಮಾತಿನ ಧಾಟಿಗೆ. ಊಟದ ಸಾಲಿನಲ್ಲಿ ಶಿವರಾಮ್ ಬೆನ್ನು ತಟ್ಟಿದ. ‘ಗುರೂ, ನಿಮ್ ಧಾರವಾಡ ಆಕ್ಸೆಂಟ್ ಸೂಪರ್! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?’ ಆಮೇಲೆ ಮುರಿಗೆವ್ವನ ಕಡೆ ಬಗ್ಗಿ, ‘ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮಿಂದಾನೇ ಪ್ರೋಗ್ರಾಮ್ ಹಿಟ್.’ ಅವಳು ತಟ್ಟೆಯಲ್ಲಿನ ಹೋಳಿಗೆಯನ್ನು ಮುರಿಯುತ್ತ, ‘ಬ್ಯಾಸರ ಯಾಕ್ರೀ? ನನ ಮಗಾ ಖರೇನ ಹೇಳ್ಯಾನ,’ ಎಂದಿದ್ದಳು. ಹೋಳಿಗೆಯನ್ನು ತಿನ್ನಲಿಲ್ಲ, ಚೂರು ಮಾಡಿ ಮಾಡಿ ಇಟ್ಟಳು.

ಆ ಗುರುವಾರ ಹತ್ತು ಗಂಟೆಗೆ ತರಗತಿ. ಮುಂದಿನ ತಿಂಗಳು ರಿಪೇರಿಗೆಂದು ಪ್ಲಾಂಟು ಮೂರು ವಾರ ನಿಲ್ಲುತ್ತದೆ. ತೊಟ್ಟಿಗಳ ಒಳಗಿಳಿದು ಕೆಲಸ ಮಾಡುವ ಗುತ್ತಿಗೆಯವರಿಗೆ ಒಂದು ದಿನದ ಪಾಠ. ಇಪ್ಪತ್ತೆರಡು ಜನ. ಪ್ರಭುದೇವ ಇಂಗ್ಲಿಷಿಗೆ ತನ್ನ ಹರಕು ತಮಿಳನ್ನು ಸೇರಿಸಿ ಮಾತನಾಡುತ್ತಿದ್ದ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲದ ಸ್ಲೈಡು ಬಂತು. ಇನ್ನೂರು ಸಲವಾದರೂ ಹೇಳಿರಬಹುದಾದ ಮಾತು: ಸ್ವಲ್ಪ ಇದ್ದಾಗ ನಾರುತ್ತದೆ. ಹೆಚ್ಚಾದರೆ ಮೊದಲು ಮೂಗನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು ಎಂದರೆ ಗ್ಯಾಸು ಹೋಯಿತು ಎಂದಲ್ಲ, ನಿಮ್ಮ ಮೂಗು ಹೋಯಿತು ಎಂದು. ಮುಂದಿನ ಸ್ಲೈಡಿಗೆ ಹೋಗುವಷ್ಟರಲ್ಲಿ ಪುದುಕ್ಕೋಟೆಯ ವೆಲ್ಡರ್ ಒಬ್ಬ, ಐವತ್ತು ದಾಟಿದವನು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದವನು, ಕೈ ಎತ್ತಿದ.

‘ಸಾರ್, ಮೂಗು ಸತ್ತುಹೋದದ್ದು ಆ ಮನುಷ್ಯನಿಗೆ ಹೇಗೆ ಗೊತ್ತಾಗುತ್ತೆ?’

‘ಗೊತ್ತಾಗಲ್ಲ. ಅದಕ್ಕೇ ಮೀಟರ್ ಕೊಡೋದು.’

‘ಮೀಟರ್ ಕೆಟ್ಟಿದ್ರೆ?’

‘ಪಕ್ಕದವನು ಗಮನಿಸಬೇಕು. ಇಬ್ಬಿಬ್ಬರ ಜೋಡಿ, ಬಡ್ಡಿ ಸಿಸ್ಟಮ್.’

‘ಇವನು ನನಗೆ ವಾಸನೆ ಬರ್ತಿಲ್ಲ ಅಂತ ಹೇಳ್ತಾನೆ, ಪಕ್ಕದವನು ತಮಾಷೆ ಅಂದ್ಕೊಂಡ್ರೆ?’ ಎಲ್ಲರೂ ನಕ್ಕರು. ವೆಲ್ಡರ್ ನಗಲಿಲ್ಲ. ‘ಯಾಕಂದ್ರೆ ಸಾರ್, ಕಣ್ಣು ಉರೀತಿರುತ್ತೆ, ಕೆಮ್ಮು ಬರ್ತಿರುತ್ತೆ. ನೋಡಿದವನು ಇವನಿಗೆ ಎಲ್ಲ ಗೊತ್ತಾಗ್ತಿದೆ ಅಂದ್ಕೋತಾನೆ.’

ಪ್ರಭುದೇವನಿಗೆ ಉತ್ತರ ಬಾಯಲ್ಲೇ ಇತ್ತು. ಸಂಜೆ ತರಗತಿಯ ಎರಡನೆಯ ವರ್ಷ, ಪುಟದ ಎಡಗಡೆ ಮೂಗಿನ ಚಿತ್ರ, ಒಂದು ನೀಲಿ ಗೆರೆ, ಒಂದು ಕೆಂಪು ಗೆರೆ. ‘ಉರಿಗೆ ಬೇರೆ ನರ, ವಾಸನೆಗೆ ಬೇರೆ ನರ,’ ಎಂದು ಶುರು ಮಾಡಿದ. ‘ವಾಸನೆಯ ನರ ಹೋಗಿದ್ರೂ ಉರಿಯ ನರ ಇರುತ್ತೆ. ಅದಕ್ಕೇ ಕಣ್ಣಲ್ಲಿ ನೀರು ಬರುತ್ತೆ, ಮೂಗಲ್ಲಿ ನೀರು ಬರುತ್ತೆ, ಕೆಮ್ಮು ಬರುತ್ತೆ, ಆದ್ರೂ...’ ಅಷ್ಟಕ್ಕೇ ಮಾತು ನಿಂತುಬಿಟ್ಟಿತು. ಇಪ್ಪತ್ತೆರಡು ಜನ ಕಾಯುತ್ತಿದ್ದರು. ಅವನ ಕೈ ಕಣ್ಣೊರೆಸಿಕೊಳ್ಳುವಂತೆ ಅರ್ಧಕ್ಕೆ ಎದ್ದಿತ್ತು, ವೇದಿಕೆಯ ಮೇಲೆ ಎದ್ದಂತೆಯೇ. ‘ಬ್ರೇಕ್,’ ಎಂದ. ಬ್ರೇಕಿಗೆ ಇನ್ನೂ ಅರ್ಧ ಗಂಟೆಯಿತ್ತು.

ಸಂಜೆ ಬಸ್ಸಿನಲ್ಲಿ, ಆಮೇಲೆ ಎಂಆರ್‌ಟಿ ರೈಲಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದೂಕಾಲು ಗಂಟೆ ನಿಂತುಕೊಂಡೇ ಬರುವಾಗ, ಒಂದೊಂದೇ ನೆನಪಿಗೆ ಬಂದವು. ಹುಳಿಗೆ ಇಂಗು ಎರಡು ಸಲ ಬಿದ್ದ ದಿನ. ತಂಗಳಾಗಿ ಹುಳಿ ಬಂದ ಉಪ್ಪಿಟ್ಟನ್ನು ಅವಳು ಸುಮ್ಮನೆ ತಿನ್ನುತ್ತಿದ್ದ ದಿನ, ‘ಅವ್ವ, ಅದು ಕೆಟ್ಟಿದೆ’ ಎಂದಾಗ, ‘ನಂಗ ರೂಢಿ ಐತಿ’ ಎಂದು ಅವಸರದಲ್ಲಿ ನುಂಗಿದ್ದು. ಅದು ಹಳೆಯ ಕಾಲದವರ ಜಿಪುಣತನ ಎಂದು ಅವನು ಸುಪ್ರಿಯಾಳಿಗೆ ವಿವರಿಸಿದ್ದ. ಅವನ ಹತ್ತಿರ ಎಲ್ಲದಕ್ಕೂ ವಿವರಣೆ ಇರುತ್ತಿತ್ತು. ದಿನಾ ಎರಡು ಸಲ ಸ್ನಾನ ಮಾಡಲು ಶುರುಮಾಡಿದಾಗ ಇದು ಮಡಿಯ ಹುಚ್ಚು ಎಂದಿದ್ದ. ತನ್ನ ಮೈ ನಾರುತ್ತದೋ ಇಲ್ಲವೋ ತಿಳಿಯದ ಹೆಂಗಸು ಮಗನ ಮನೆಯಲ್ಲಿ, ಸೊಸೆಯ ಎದುರು, ಇನ್ನೇನು ಮಾಡಬೇಕು? ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಚೀಲದಿಂದ ಸೊಪ್ಪಿನ ವಾಸನೆ, ಯಾರದೋ ಕೂದಲಿನ ಎಣ್ಣೆಯ ವಾಸನೆ, ಬೆವರು, ಬಾಗಿಲು ತೆಗೆದಾಗಲೆಲ್ಲ ನಿಲ್ದಾಣದ ಬ್ರೆಡ್ಡಂಗಡಿಯ ಬೆಣ್ಣೆ. ಇಷ್ಟು ವಾಸನೆಗಳ ನಡುವೆ ತಾನು ದಿನಾ ನಿಂತಿರುತ್ತೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಇದ್ದರೆ ಗೊತ್ತಾಗುವುದಿಲ್ಲ, ಸರಿ. ಇಲ್ಲವಾದರೆ? ಇಲ್ಲವಾದದ್ದನ್ನು ಯಾವ ಮಾತಿನಲ್ಲಿ ಹೇಳಬೇಕು? ಅವಳಿಗೆ ಗೊತ್ತಿದ್ದ ಒಂದೇ ಮಾತು, ಘಾಟು ಬರಲಿಲ್ಲ ಎಂಬುದು. ಅದಕ್ಕೆ ಅವಳ ಕಡೆ ಒಂದು ಅರ್ಥ ಮೊದಲೇ ಇತ್ತು. ಆ ಅರ್ಥದ ಹಿಂದೆ ಅವಳು ಅಡಗಿಕೊಂಡಳೋ, ಅಲ್ಲಿಂದಲೇ ಅವನನ್ನು ಕರೆದಳೋ.

ಬ್ಲಾಕಿನ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಹಿತಾ ಸೈಕಲ್ ಹೊಡೆಯುತ್ತಿದ್ದಳು. ಅವಳನ್ನು ಕಲ್ಲಿನ ಬೆಂಚಿನ ಮೇಲೆ ಕೂರಿಸಿಕೊಂಡು, ಸಹಜವಾಗಿ ಕೇಳುವವನಂತೆ, ‘ಅಜ್ಜಿಗೆ ವಾಸನೆ ಬರುತ್ತಾ ಪುಟ್ಟಾ?’ ಎಂದ.

‘ಬರಲ್ಲ ಲಾ,’ ಎಂದಳು, ಮಾತಿನ ಕೊನೆಗೆ ‘ಲಾ’, ‘ಮಾ’ ಸೇರಿಸುವ ಇಲ್ಲಿನ ಮಕ್ಕಳ ಧಾಟಿಯಲ್ಲಿ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ. ‘ಐ ಆ್ಯಮ್ ಅಜ್ಜೀಸ್ ನೋಸ್. ಅದು ನಮ್ಮ ಗೇಮ್. ಹಾಲು ಸ್ಮೆಲ್ ಮಾಡ್ತೀನಿ, ಬೆಣ್ಣೆ ಸ್ಮೆಲ್ ಮಾಡ್ತೀನಿ, ಅಜ್ಜಿ ಸೀರೆ ಕೂಡ. ಓಕೆ ಅಂದ್ರೆ ಥಂಬ್ಸ್ ಅಪ್.’

‘ನಮಗೆ ಯಾಕೆ ಹೇಳಲಿಲ್ಲ?’

‘ಯೂ ನೆವರ್ ಆಸ್ಕ್ ಮಾ.’

‘ಯಾವಾಗಿಂದ ಈ ಗೇಮು?’

‘ಲಾಂಗ್ ಟೈಮ್. ಪ್ರೈಮರಿ ತ್ರೀಯಿಂದ.’ ಎಂದರೆ ಕಳೆದ ವರ್ಷ. ಸೈಕಲ್ಲಿನ ಬೆಲ್ಲು ಎರಡು ಸಲ ಒತ್ತಿ, ‘ನೋ, ನೋ. ಆಫ್ಟರ್ ಮೈ ಫೀವರ್,’ ಎಂದಳು. ಮತ್ತೆ ಕೇಳಿದಾಗ, ‘ಡೋಂಟ್ ನೋ ಲಾ, ಅಪ್ಪಾ,’ ಎಂದು ಹೊರಟುಹೋದಳು. ಆ ಸಂಜೆ ಗ್ಯಾಸು ತುಂಬಿದಾಗ ಅಜ್ಜಿಯ ಮೂಗು ಟ್ಯೂಷನ್ನಿನಲ್ಲಿ ಕೂತು ಭಾಗಾಕಾರ ಮಾಡುತ್ತಿತ್ತು.

ಮೇಲೆ ಹೋಗಿ ಅವನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ನೇರವಾಗಿ ತಾಯಿಯ ಹತ್ತಿರ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಅವನು ತರಬೇತಿ ಪಡೆದವನು, ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು. ಸುಪ್ರಿಯಾಳಿಗೆ ಎರಡು ಮಾತಿನಲ್ಲಿ ಹೇಳಿದ. ಅವಳು ಬೇಡ ಎನ್ನುವಷ್ಟರಲ್ಲಿ ಎರಡು ಸ್ಟೀಲು ಬಟ್ಟಲು ತೆಗೆದು, ಒಂದರಲ್ಲಿ ಕಾಫಿಪುಡಿ, ಇನ್ನೊಂದರಲ್ಲಿ ಇಂಗು ಹಾಕಿ, ಅದೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಮುರಿಗೆವ್ವನ ಮುಂದೆ ನಿಂತ.

‘ಅವ್ವ, ಸ್ವಲ್ಪ ಕಣ್ಣು ಮುಚ್ಚು.’

‘ಯಾಕಪಾ?’

‘ಸುಮ್ನೆ ಮುಚ್ಚು.’

ಅವಳು ಮುಚ್ಚಿದಳು. ಮಕ್ಕಳು ಕಣ್ಣು ಮುಚ್ಚುವಂತೆ ಮುಖವನ್ನೆಲ್ಲ ಕಿವುಚಿಕೊಂಡು. ಮೊದಲನೆಯ ಬಟ್ಟಲಿಗೆ ತಕ್ಷಣ, ‘ಕಾಫಿ ಪುಡಿ,’ ಎಂದಳು. ಅವನಿಗೆ ಒಂದು ಗಳಿಗೆ ಸಮಾಧಾನವೇ ಆಯಿತು. ‘ಡಬ್ಬಿ ತಗದ ಸಪ್ಪಳ ಕೇಳಿದ್ನಿ,’ ಎಂದು ನಕ್ಕಳು. ಎರಡನೆಯದನ್ನು ಮೂಗಿನ ಹತ್ತಿರ ಹಿಡಿದ. ಅಡುಗೆಮನೆಯೆಲ್ಲ ಇಂಗು ನಾರುತ್ತಿತ್ತು, ಅವನ ಬೆರಳಿಗೂ ಹತ್ತಿತ್ತು. ಮುರಿಗೆವ್ವ ಒಂದು ಸಲ ಎಳೆದುಕೊಂಡಳು, ಇನ್ನೊಂದು ಸಲ ಆಳವಾಗಿ ಎಳೆದುಕೊಂಡಳು. ‘ಇದು ಖಾಲಿ ಬಟ್ಟಲಾ,’ ಎಂದಳು. ಆಮೇಲೆ, ಇಬ್ಬರೂ ಮಾತನಾಡದ್ದನ್ನು ಕೇಳಿ, ಕಣ್ಣು ತೆರೆಯದೆಯೇ, ‘ಅಲ್ಲೇನು?’ ಎಂದಳು.

ಸುಪ್ರಿಯಾ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು, ತೊಳೆಯಲು ಏನೂ ಇರಲಿಲ್ಲ.

‘ಪರೀಕ್ಷಾ ಮಾಡಾಕತ್ತಿದ್ದಿಯೇನು?’ ಕಣ್ಣು ತೆರೆದು ಬಟ್ಟಲೊಳಗೆ ನೋಡಿ ಮುರಿಗೆವ್ವ ಕೇಳಿದಳು. ಸಿಟ್ಟಿರಲಿಲ್ಲ. ‘ನಪಾಸಾದ್ನಿ ತಗೋ.’

‘ಅವ್ವ, ಯಾಕೆ ಹೇಳಲಿಲ್ಲ ನಮಗೆ?’

‘ಹೇಳೇನಲ್ಲಪಾ.’

‘ಯಾವಾಗ?’

ಅವಳು ಇಂಗನ್ನು ಚೆಲ್ಲದಂತೆ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದಳು. ‘ಹೇಳೇನಿ ಬಿಡು,’ ಎಂದಳು.

ಪ್ರಭುದೇವ ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ ಎಂದ. ಇಲ್ಲೇ ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಣ, ಮನೆಯಲ್ಲಿ ಗ್ಯಾಸು ತೆಗೆಸಿ ಇಂಡಕ್ಷನ್ ಹಾಕಿಸೋಣ, ಡಿಟೆಕ್ಟರ್ ತರುತ್ತೇನೆ ಎಂದು ಒಂದರ ಹಿಂದೊಂದು ಕ್ರಮಗಳನ್ನು ಹೇಳುತ್ತ ಹೋದ. ತಪ್ಪಾಯಿತು ಎಂಬ ಮಾತು ಬರುವ ಜಾಗದಲ್ಲೆಲ್ಲ ಇನ್ನೊಂದು ಕ್ರಮ ಬರುತ್ತಿತ್ತು. ಮುರಿಗೆವ್ವ ಎಲ್ಲ ಕೇಳಿಸಿಕೊಂಡಳು.

‘ಬ್ಯಾಡ. ಹೊಂಟವರನ್ನ ತಡೀಬಾರದು. ಗಂಟು ಕಟ್ಟಿದ ಮ್ಯಾಲ ಬಿಚ್ಚಬಾರದು.’

‘ಅದಕ್ಕೇನು ಅರ್ಥ ಅವ್ವ?’ ಅವನ ದನಿ ಏರಿತು.

‘ಅರ್ಥಾ ಗಿರ್ಥಾ ನೀ ಹೇಳಬೇಕು. ನಾಲ್ಕು ಮಂದ್ಯಾಗ ನಿಂತು ಹೇಳಾಂವ ನೀನು.’ ಅಷ್ಟು ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಸೊಸೆಯ ಕಡೆ ನೋಡಿದಳು. ಸುಪ್ರಿಯಾ ಕೈ ಒರೆಸಿಕೊಳ್ಳುತ್ತ, ‘ಅತ್ತೀ, ಡಾಕ್ಟರಿಗೆ ತೋರಿಸಿಕೊಂಡಾದ್ರೂ ಹೋಗ್ರೀ. ಹಿತಾ ಅಳ್ತಾಳೆ,’ ಎಂದಳು.

‘ಧಾರವಾಡದಾಗೂ ಡಾಕ್ಟರ್ ಅದಾರವ್ವಾ.’ ಆಮೇಲೆ ಸಣ್ಣ ದನಿಯಲ್ಲಿ, ‘ಆ ಕೂಸಿನ ಕೂಡ ಒಬ್ಬಾಕೀನ ಮನ್ಯಾಗಿರಾಕ ನನಗ ಅಂಜಿಕಿ ಬರತೈತಿ. ಅವತ್ತ ಕಡ್ಡಿ ಕೊರದಿದ್ರ?’

ಆದರೂ ಅವನಿಗೆ ಹಠ ಬಿಡಲಾಗಲಿಲ್ಲ. ಶುಕ್ರವಾರವೂ ಕೇಳಿದ, ಶನಿವಾರ ಟ್ಯಾಕ್ಸಿ ಬರುವ ಮೊದಲೂ ಕೇಳಿದ. ಹೊಂಟವರನ್ನ ತಡೀಬಾರದು, ಅಷ್ಟೇ ಉತ್ತರ. ಅವನು ಇಪ್ಪತ್ತು ಸ್ಲೈಡು ಮಾಡಿ ಬಿಡಿಸಿಟ್ಟಿದ್ದ ಇಂಥ ಮಾತುಗಳಲ್ಲಿ ಇದೊಂದನ್ನು ಅವನಿಂದ ಅಲುಗಾಡಿಸಲಾಗಲಿಲ್ಲ. ಅದರ ಹಿಂದೆ ಏನಿತ್ತು, ಮೊಮ್ಮಗಳ ಮೇಲಿನ ಭಯವೋ, ಮಗನ ಮೇಲಿನ ನೋವೋ, ಎರಡನ್ನೂ ಬಾಯಿಬಿಟ್ಟು ಹೇಳದೆ ಎಲ್ಲರ ಮರ್ಯಾದೆ ಉಳಿಸುವ ಉಪಾಯವೋ. ಹೀಗೆ ಒಂದು ಮಾತಿನ ಹಿಂದೆ ಮನುಷ್ಯರು ಏನೇನನ್ನೋ ಇಟ್ಟು ಮುಚ್ಚಿ, ಇಟ್ಟವರು ಸತ್ತು, ಮಾತೊಂದೇ ಉಳಿದಿರಬೇಕು ಎಂದು ಅವನಿಗೆ ಅನ್ನಿಸಿತು. ಭಾಷಣದಲ್ಲಿ ಹೇಳಬೇಕಿದ್ದದ್ದು ಅದು.

ಚಾಂಗಿ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರಿನವನು ಬಂದ. ಪ್ರಭುದೇವ ತಾಯಿಯ ಮುಂದೆ ಮೊಣಕಾಲೂರಿ ಕೂತು ಪಾಸ್‌ಪೋರ್ಟನ್ನು ಯಾವ ಜಿಪ್ಪಿನಲ್ಲಿ ಇಟ್ಟಿದ್ದೇನೆ, ಬೆಂಗಳೂರಿನಲ್ಲಿ ಇಳಿದ ಮೇಲೆ ಯಾರಿಗೆ ತೋರಿಸಬೇಕು ಎಂದು ವಿವರಿಸಿದ. ಎರಡು ಸಲ ವಿವರಿಸಿದ. ಅವಳು ಹೂಂಗುಟ್ಟುತ್ತ ಅವನ ಅಂಗಿಯ ಕಾಲರು ಸರಿಮಾಡಿದಳು. ‘ಬರ್ತೇನಿ,’ ಎಂದಳು. ವೀಲ್‌ಚೇರು ತಿರುವು ದಾಟುವವರೆಗೂ ಹಿತಾ ಹೆಬ್ಬೆರಳು ಎತ್ತಿ ಹಿಡಿದೇ ಇದ್ದಳು. ಅದು ಯಾಕೆಂದು ಅಜ್ಜಿ, ಮೊಮ್ಮಗಳು, ಪ್ರಭುದೇವ, ಈ ಮೂವರಿಗೆ ಮಾತ್ರ ಗೊತ್ತಿತ್ತು.

ಮರುವಾರ ಅವನು ಶಿವರಾಮ್‌ಗೆ ಮೆಸೇಜ್ ಹಾಕಿ, ತನ್ನ ಭಾಷಣದ ವಿಡಿಯೊವನ್ನು ಬಳಗದ ಪೇಜಿನಿಂದ ತೆಗೆಯಬಹುದೇ ಎಂದು ಕೇಳಿದ. ‘ಯಾಕೆ ಗುರೂ? ನಮ್ಮ ವಿಡಿಯೊಗಳಲ್ಲೇ ಹೈಯೆಸ್ಟ್ ವ್ಯೂಸ್ ಅದು!’ ಎಂದು ಉತ್ತರ ಬಂತು, ನಗುವ ಮುಖಗಳ ಜೊತೆ. ಪ್ರಭುದೇವ ಫೋನನ್ನು ಬೋರಲು ಇಟ್ಟ. ವಿಡಿಯೊ ಇನ್ನೂ ಅಲ್ಲೇ ಇದೆ. ನಾನೂ ಅದನ್ನು ನೋಡಿದ್ದೇನೆ, ನಕ್ಕಿದ್ದೇನೆ ಕೂಡ.

ಧಾರವಾಡದ ಡಾಕ್ಟರು ಹಳೆಯ ಯಾವುದೋ ಜ್ವರದಿಂದ ಇರಬಹುದು, ವಯಸ್ಸಿನಿಂದ ಇರಬಹುದು, ತಲೆಯ ಸ್ಕ್ಯಾನ್ ಮಾಡಿಸದೆ ಹೇಳಲಾಗದು ಎಂದರಂತೆ. ಸ್ಕ್ಯಾನಿಗೆ ಮುರಿಗೆವ್ವ ಈ ತಿಂಗಳು ಬೇಡ ಎಂದಳಂತೆ, ಮುಂದಿನ ತಿಂಗಳೂ ಬೇಡ ಎಂದಳಂತೆ. ಭಾನುವಾರ ಫೋನಿನಲ್ಲಿ ಪ್ರಭುದೇವ ಇನ್ನೊಮ್ಮೆ ಕೇಳಿದ, ‘ಅವ್ವ, ಹೇಳೇನಿ ಅಂದಿದ್ಯಲ್ಲ, ಯಾವಾಗ ಹೇಳಿದ್ದಿ?’ ‘ಊಟಾ ಆತೇನು?’ ಎಂದಳು.

ಹಂಚಿನ ಮುಂದೆ ನಿಂತು ಹೇಳಿದ್ದೇ ಅವಳು ಹೇಳಿದ್ದೋ, ಅಥವಾ ಅದಕ್ಕೂ ಮೊದಲು ಯಾವತ್ತೋ ಒಂದು ದಿನ ನೇರವಾದ ಮಾತಿನಲ್ಲೇ ಹೇಳಿ ಅವನು ಹೂಂ ಎಂದು ಮರೆತಿದ್ದನೋ, ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.